ಹನ್ನೆರಡಕ್ಕೆಲ್ಲ ರೋಮ್ ಮುಗಿಯಿತು

ಕಳೆದ ಭಾನುವಾರ ಮಂಡ್ಯದಲ್ಲಿ ಗೃಹಪ್ರವೇಶದ ಊಟಕ್ಕೆ ಕುಳಿತಿದ್ದೆ. ಅನ್ನ, ಸಾರು ಮುಗಿದಿತ್ತು. ಪಂಕ್ತಿಯ ಆ ತುದಿಯಲ್ಲಿ ಹೋಳಿಗೆಯ ಬುಟ್ಟಿ, ಅದರ ಬೆನ್ನಿಗೇ ತುಪ್ಪದ ಪಾತ್ರೆ ಕಾಣಿಸಿಕೊಂಡವು. ಇನ್ನು ಎಂಟು ಎಲೆ ದಾಟಿದರೆ ನನ್ನದೇ. ಅಷ್ಟರಲ್ಲಿ ಪಕ್ಕದಲ್ಲಿದ್ದ ಭಾವ ಎಲೆ ಮಡಿಸಿ, "ಏಳೋಣವೇ? ಮೂರು ಗಂಟೆಯ ಮೇಲೆ ಮೈಸೂರು ರಸ್ತೆ ಕಷ್ಟ" ಎಂದರು. ಆಗ ಗಂಟೆ ಒಂದೂಕಾಲು. ಪಂಕ್ತಿಯ ನಡುವೆ ಏಳಬಾರದು ಎಂಬುದು ಶಾಸ್ತ್ರ. ಆದರೆ ಕಾರು ಭಾವನದು. ಎದ್ದೆ. ರಸ್ತೆ ಖಾಲಿಯಾಗಿತ್ತು. ಎರಡೂವರೆಗೆ ಮನೆಯಲ್ಲಿ ಕುಳಿತು, ಹೆಂಡತಿ ಬೆಳಿಗ್ಗೆ ಮಾಡಿಟ್ಟಿದ್ದ ಚಿತ್ರಾನ್ನ ತಿಂದೆ.

ಅದನ್ನಾದರೂ ಸಹಿಸಬಹುದಿತ್ತು. ಕೈ ತೊಳೆಯುವ ಕಡೆ ಭಾವ ಮನೆಯ ಯಜಮಾನರಿಗೆ ಹೇಳುತ್ತಿದ್ದರು: "ಹಡಗಿನಲ್ಲಿ ಹೋದರೆ ಹಡಗಿನವರ ಟೂರ್ ಮಾತ್ರ ತೆಗೆದುಕೊಳ್ಳಬೇಡಿ. ನಾವು ರೋಮನ್ನು ಸ್ವಂತ ಯೋಜನೆಯಲ್ಲೇ ನೋಡಿದೆವು. ನನ್ನ ಪಟ್ಟಿ ಕಳುಹಿಸುತ್ತೇನೆ." ಆಮೇಲೆ ನನ್ನ ಕಡೆ ತಿರುಗಿ, "ಅಲ್ಲವೇನೋ?" ಎಂದರು. ನಾನು "ಹೌದು ಭಾವ" ಎಂದೆ. ಹೋಳಿಗೆಯನ್ನೂ ಕಳೆದುಕೊಂಡು, ಮೇಲೊಂದು ಸುಳ್ಳನ್ನೂ ಹೇಳಿದ ಸಂಕಟ ನಾಲ್ಕು ದಿನವಾದರೂ ಇಳಿದಿಲ್ಲ. ಆ "ಹೌದು" ಎಂಬುದನ್ನು ಇಲ್ಲಿ ಹಿಂತೆಗೆದುಕೊಳ್ಳುತ್ತಿದ್ದೇನೆ.

ಭಾವ ರೈಲು ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಹಾಗಾಗಿ ರೈಲನ್ನು ನಂಬುವುದಿಲ್ಲ. ಅಡುಗೆಯವರು ಮದುವೆಮನೆಯ ಊಟವನ್ನು ಮುಟ್ಟದ ಹಾಗೆ ಇದು. ರಾತ್ರಿ ಎಂಟರ ರೈಲಿಗೆ ಸಂಜೆ ಐದಕ್ಕೆ ನಿಲ್ದಾಣ ಸೇರುತ್ತಾರೆ. ಕೈಯಲ್ಲಿರುವ ಎಚ್‌ಎಂಟಿ ಗಡಿಯಾರ ಯಾವಾಗಲೂ ಹತ್ತು ನಿಮಿಷ ಮುಂದಿರುತ್ತದೆ. ಅದು ಹತ್ತು ನಿಮಿಷ ಮುಂದಿದೆ ಎಂಬುದು ಅವರಿಗೆ ಗೊತ್ತು. ಗೊತ್ತಿದ್ದೂ ಅದನ್ನು ನೋಡಿ ಗಾಬರಿಯಾಗುತ್ತಾರೆ.

ಇಂಥವರ ಜೊತೆ, ಅಂದರೆ ಅಕ್ಕ, ಭಾವ, ನಾನು, ನನ್ನ ಹೆಂಡತಿ, ಮೇ ತಿಂಗಳಲ್ಲಿ ಬಾರ್ಸಿಲೋನಾದಿಂದ ಹಡಗು ಹತ್ತಿದೆವು. ಅಕ್ಕನ ಮಗ ಮಾಡಿಸಿದ ಟಿಕೆಟ್ಟು. ಹಡಗು ರಾತ್ರಿಯೆಲ್ಲ ಚಲಿಸಿ ಬೆಳಿಗ್ಗೆ ಒಂದು ಬಂದರಿನಲ್ಲಿ ನಿಲ್ಲುತ್ತದೆ, ಸಂಜೆ ಹೊರಡುತ್ತದೆ. ನಡುವಿನ ಹೊತ್ತು ನಮ್ಮದು. ಹಡಗಿನವರು ತಾವೇ ಬಸ್ಸು, ಗೈಡ್ ಎಲ್ಲ ಸೇರಿಸಿ ಟೂರ್ ಮಾರುತ್ತಾರೆ. ಬೇಡವೆಂದರೆ ನಾವೇ ಇಳಿದು, ನಮ್ಮ ಕಾಲು, ನಮ್ಮ ಹಣೆಬರಹ ಎಂದು ಸುತ್ತಿ ಬರಬಹುದು. ರೋಮಿನ ಟೂರಿಗೆ ತಲೆಗೆ ನೂರೈವತ್ತು ಯೂರೋಗಿಂತ ಹೆಚ್ಚಿತ್ತು. ರೈಲಿನಲ್ಲಿ ಹೋದರೆ ಒಂದು ಕಡೆಗೆ ಐದು ಯೂರೋ ಆಸುಪಾಸು. ಭಾವ ನಾಲ್ಕು ತಿಂಗಳು ಕುಳಿತು ಹದಿನಾಲ್ಕು ಕಾಲಂಗಳ ಪಟ್ಟಿ ತಯಾರಿಸಿದ್ದರು. ನೋಡಬೇಕಾದದ್ದು ಹಸಿರು ಖಾನೆಯಲ್ಲಿ, ಸಮಯವಿದ್ದರೆ ನೋಡಬಹುದಾದದ್ದು ಹಳದಿಯಲ್ಲಿ, ಅಪಾಯ ಕೆಂಪಿನಲ್ಲಿ. ಹಡಗು ಹತ್ತುವ ಹೊತ್ತಿಗೆ ಆ ಪಟ್ಟಿ ದಾಸವಾಳದ ಬೇಲಿಯ ಹಾಗೆ ಕಾಣುತ್ತಿತ್ತು.

ಇದಕ್ಕೆಲ್ಲ ಕಾರಣ ಟೂರ್ ಮಾರುವ ಮೇಜಿನ ಹುಡುಗಿ. ಮೊದಲ ದಿನವೇ ಅವಳು ನಗುನಗುತ್ತ ಒಂದು ಮಾತು ಹೇಳಿದ್ದಳು: ನಮ್ಮ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನೀವಾಗಿ ಹೋಗಿ ತಡಮಾಡಿಕೊಂಡರೆ ಕಾಯುವುದಿಲ್ಲ. ಅದರ ಮೇಲೆ ಯಾರೋ ಭಾವನ ಮೊಬೈಲಿಗೆ ವಿಡಿಯೊ ಕಳುಹಿಸಿದ್ದರು. ಅದರಲ್ಲಿ ದಂಪತಿಗಳಿಬ್ಬರು ಚೀಲ ಹಿಡಿದು ಕಟ್ಟೆಯ ಮೇಲೆ ಓಡಿಬರುತ್ತಾರೆ, ಹಡಗು ಮೆಲ್ಲಗೆ ದೂರವಾಗುತ್ತದೆ, ಮೇಲಿನ ಬಾಲ್ಕನಿಗಳಲ್ಲಿ ನಿಂತವರು ಚಪ್ಪಾಳೆ ತಟ್ಟುತ್ತಾರೆ. ಭಾವ ಅದನ್ನು ದಿನಕ್ಕೆರಡು ಬಾರಿ ನೋಡುತ್ತಿದ್ದರು. ಮಾತ್ರೆ ತೆಗೆದುಕೊಂಡ ಹಾಗೆ, ಊಟಕ್ಕೆ ಮೊದಲು.

ಫ್ರಾನ್ಸಿನ ಬಂದರು ಮಾರ್ಸೇಯಲ್ಲಿ ಗುಡ್ಡದ ಮೇಲಿನ ಚರ್ಚನ್ನು ಗುಡ್ಡದ ಕೆಳಗಿನಿಂದ ನೋಡಿದೆವು. ಇಟಲಿಯ ಬಂದರು ಲಿವೋರ್ನೋದಿಂದ ಪೀಸಾ ರೈಲಿನಲ್ಲಿ ಇಪ್ಪತ್ತು ನಿಮಿಷವೂ ಇಲ್ಲ. ಹೋಗಿ, ಗೋಪುರ ವಾಲಿರುವುದು ನಿಜವೆಂದು ಖಚಿತಪಡಿಸಿಕೊಂಡು ಬಂದೆವು. ಫ್ಲಾರೆನ್ಸ್ ಕೆಂಪು ಖಾನೆಯಲ್ಲಿತ್ತು. ನಾನು ಮಾತಾಡಲಿಲ್ಲ. ರೋಮ್ ಇದೆಯಲ್ಲ ಎಂದುಕೊಂಡೆ.

ರೋಮಿಗೆ ಹಡಗು ಹೋಗುವುದಿಲ್ಲ. ಎಂಬತ್ತು ಕಿಲೋಮೀಟರ್ ದೂರದ ಚಿವಿತಾವೆಕ್ಕಿಯ ಎಂಬ ಊರಿನಲ್ಲಿ ನಿಲ್ಲುತ್ತದೆ. ಮಂಗಳೂರಿನಲ್ಲಿ ಇಳಿಸಿ ಧರ್ಮಸ್ಥಳ ಬಂತು ಎಂದ ಹಾಗೆ. ಆ ಹೆಸರು ಅಕ್ಕನ ಬಾಯಲ್ಲಿ ಮೊದಲ ದಿನವೇ "ಅವಲಕ್ಕಿ" ಆಗಿತ್ತು. ಬೆಳಿಗ್ಗೆ ಏಳಕ್ಕೆ ಅವಲಕ್ಕಿಯಲ್ಲಿ ಹಡಗು ನಿಂತಿತು. ಬಂದರಿನ ಬಿಟ್ಟಿ ಬಸ್ಸಿನಲ್ಲಿ ಗೇಟಿನವರೆಗೆ ಬಂದು, ಅಲ್ಲಿಂದ ಸಮುದ್ರದ ದಂಡೆಯಲ್ಲೇ ನಡೆದು ನಿಲ್ದಾಣ ಸೇರಿದೆವು. ಟಿಕೆಟ್ಟನ್ನು ಹತ್ತುವ ಮುಂಚೆ ಯಂತ್ರದ ಬಾಯಿಗೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು, ಇಲ್ಲದಿದ್ದರೆ ದಂಡ. ಭಾವ ಒಂದೊಂದಕ್ಕೂ ಎರಡೆರಡು ಮುದ್ರೆ ಒತ್ತಿದರು. ಒಂದು ಸರಿಯಾಗಿ ಕಾಣಿಸದಿದ್ದರೆ ಇನ್ನೊಂದು ಇರಲಿ ಎಂದು.

ರೋಮಿನ ಸಾನ್ ಪಿಯೆತ್ರೊ ನಿಲ್ದಾಣದಲ್ಲಿ ಇಳಿದು ಕಾಲು ಗಂಟೆ ನಡೆದರೆ ಸಂತ ಪೀಟರ್ ಚೌಕ. ಹತ್ತೂಕಾಲಿಗೆ ಅಲ್ಲಿದ್ದೆವು. ಸುಳ್ಳು ಹೇಳಬಾರದು, ನನ್ನ ಉಸಿರು ಒಂದು ಕ್ಷಣ ನಿಂತಿತು. ಎರಡೂ ಕಡೆಯಿಂದ ತೋಳು ಚಾಚಿದ ಹಾಗೆ 284 ಕಂಬಗಳು, ಮೇಲೆ ಸಾಲುಗಟ್ಟಿದ ಸಂತರು, ನಡುವೆ ಈಜಿಪ್ಟಿನಿಂದ ಹೊತ್ತು ತಂದ ಕಲ್ಲಿನ ಸ್ತಂಭ, ಹಿಂದೆ ಸಂತ ಪೀಟರ್ ಬಸಿಲಿಕಾ ಎಂಬ ದೊಡ್ಡ ಚರ್ಚಿನ ಆ ಗುಮ್ಮಟ. ಚೌಕದ ನೆಲದಲ್ಲಿ ಒಂದು ಗುಂಡು ಗುರುತಿದೆ. ಅದರ ಮೇಲೆ ನಿಂತು ನೋಡಿದರೆ ನಾಲ್ಕು ಸಾಲು ಕಂಬಗಳು ಒಂದರ ಹಿಂದೊಂದು ಅಡಗಿ ಒಂದೇ ಸಾಲಾಗುತ್ತವೆ. ಪಟ್ಟಿಯಲ್ಲಿ ಇದಕ್ಕೆ ತಲೆಗೊಂದು ನಿಮಿಷದಂತೆ ನಾಲ್ಕು ನಿಮಿಷ ಮಂಜೂರಾಗಿತ್ತು. ಅಕ್ಕ ನಿಂತಳು, ಕಂಬಗಳು ಅಡಗಿದವು, "ಅಯ್ಯೋ, ನೋಡೇ ಇಲ್ಲಿ!" ಎಂದು ನನ್ನ ಹೆಂಡತಿಯನ್ನು ಕರೆಯುವಷ್ಟರಲ್ಲಿ ಅವಳ ನಿಮಿಷ ಮುಗಿದಿತ್ತು.

ಬಸಿಲಿಕಾದ ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ, ಆದರೆ ತಪಾಸಣೆಯ ಸಾಲು ಇದೆ. ಅದು ಕಂಬಗಳ ಬುಡದಲ್ಲೇ ಬಳಸಿಕೊಂಡು ಹೋಗಿತ್ತು. ಸಾಲಿನಲ್ಲಿ ನಿಂತೆವು. ಮುಕ್ಕಾಲು ಗಂಟೆಯಾಗಿ, ತಪಾಸಣೆಯ ಯಂತ್ರ ಕಣ್ಣಿಗೆ ಬೀಳುವ ಹೊತ್ತಿಗೆ ಭಾವ ಗಡಿಯಾರ ನೋಡಿಕೊಂಡರು. ನಾನು ಆ ನೋಟವನ್ನು ಬಲ್ಲೆ. ಹೋಳಿಗೆಯ ಬುಟ್ಟಿ ಎಂಟು ಎಲೆ ದೂರದಲ್ಲಿದ್ದಾಗ ಬರುವ ನೋಟ.

"ಹಡಗು ಏಳಕ್ಕೆ ಅಲ್ಲವೇ ಭಾವ?" ಎಂದೆ.

"ಹೊರಡುವುದು ಏಳಕ್ಕೆ. ಹತ್ತಬೇಕಾದದ್ದು ಆರೂವರೆಗೆ," ಎಂದು ಅವರು ಶುರುಮಾಡಿದರು. ಆರೂವರೆ ಎಂದು ಬರೆದಿದ್ದರೆ ಮನುಷ್ಯನಾದವನು ಆರಕ್ಕೆ ಇರಬೇಕು. ಹಡಗಿನ ಬಾಗಿಲಲ್ಲಿ ಸಾಲಿರುತ್ತದೆ, ಅದಕ್ಕೆ ಅರ್ಧ ಗಂಟೆ, ಐದೂವರೆ. ಬಂದರಿನ ಬಸ್ಸು ಬರದಿದ್ದರೆ? ಐದು. ನಿಲ್ದಾಣದಿಂದ ಬಂದರಿಗೆ ಇಪ್ಪತ್ತು ನಿಮಿಷದ ನಡಿಗೆ, ನಿನ್ನ ಅಕ್ಕನ ಮಂಡಿಗೆ ನಲವತ್ತು. ನಾಲ್ಕು ಇಪ್ಪತ್ತು. ರೈಲಿಗೆ ಒಂದು ಗಂಟೆ, ಮೂರು ಇಪ್ಪತ್ತು. ರೈಲು ಒಂದು ಗಂಟೆ ತಡವಾದರೆ ಎರಡು ಇಪ್ಪತ್ತು. ಆ ರೈಲೇ ರದ್ದಾಗಿ ಮುಂದಿನದು ಹಿಡಿಯಬೇಕಾದರೆ ಒಂದು ಇಪ್ಪತ್ತು. ಇಟಲಿಯಲ್ಲಿ ಮಾತೆತ್ತಿದರೆ ಮುಷ್ಕರ, ಅದಕ್ಕೊಂದು ಗಂಟೆ ಇಡಬೇಡವೇ? ಹನ್ನೆರಡು ಇಪ್ಪತ್ತು. ಲೆಕ್ಕ ದುಂಡಗಿರಲಿ, ಹನ್ನೆರಡು.

ಅವರ ಗಡಿಯಾರದ ಹನ್ನೆರಡು ಎಂದರೆ ಹನ್ನೊಂದು ಐವತ್ತು. ನಮ್ಮ ಮುಂದೆ ಇನ್ನು ಹದಿನೈದು ಇಪ್ಪತ್ತು ಜನರಿದ್ದರು. ನಾವು ಸಾಲು ಬಿಟ್ಟು ಈಚೆ ಬಂದಾಗ ಹಿಂದಿದ್ದ ಒಬ್ಬ ಹೆಂಗಸು ನಮಗೆ ಏನೋ ಕೆಟ್ಟ ಸುದ್ದಿ ಬಂದಿರಬೇಕೆಂದು ತಿಳಿದು ನನ್ನ ಹೆಂಡತಿಯ ಭುಜ ಸವರಿದಳು.

ಮುಷ್ಕರ ಇರಲಿಲ್ಲ. ರೈಲು ಹೇಳಿದ ನಿಮಿಷಕ್ಕೆ ಬಂತು, ಹೇಳಿದ ನಿಮಿಷಕ್ಕೆ ತಲುಪಿಸಿತು. ಅಕ್ಕನ ಮಂಡಿ ಕೂಡ ಅಂದು ವೈರಿಯ ಹಾಗೆ ಚುರುಕಾಗಿತ್ತು. ಒಂದೂವರೆಗೆ ನಾವು ಅವಲಕ್ಕಿಯ ಸಮುದ್ರದ ದಂಡೆಯಲ್ಲಿ, ಒಂದು ಹಳೆಯ ಕೋಟೆಯ ಎದುರಿನ ಕಲ್ಲುಬೆಂಚಿನ ಮೇಲೆ ಕುಳಿತಿದ್ದೆವು. ಹಡಗು ಕಣ್ಣೆದುರಿಗೇ ಇತ್ತು. ಐದು ಗಂಟೆ ಬಾಕಿ. "ಹಾಗಾದರೆ ಹತ್ತಿಬಿಡೋಣ ಭಾವ, ಊಟವಾದರೂ ಸಿಗುತ್ತದೆ" ಎಂದೆ. "ಹತ್ತಿದರೆ ಹಡಗಿನಲ್ಲಿದ್ದ ಹಾಗಾಯಿತು. ಇಲ್ಲಿ ಕುಳಿತರೆ ಇಟಲಿಯಲ್ಲಿದ್ದ ಹಾಗೆ" ಎಂದರು.

ಹೀಗೆ ಮೂರೂವರೆ ಗಂಟೆ ಇಟಲಿಯಲ್ಲಿದ್ದೆವು. ಕೋಟೆಯ ದೊಡ್ಡ ಬುರುಜಿನ ಮೇಲ್ಭಾಗವನ್ನು ಮೈಕೆಲಾಂಜೆಲೊ ಮುಗಿಸಿದನೆಂದು ಹೇಳುತ್ತಾರೆ, ಅವನ ಹೆಸರೇ ಅದಕ್ಕಿದೆ. ಬೆಳಿಗ್ಗೆ ನೋಡಿದ ಗುಮ್ಮಟವನ್ನು ಯೋಜಿಸಿದವನೂ ಅವನೇ. ಅವನ ಗುಮ್ಮಟದ ಒಳಗೆ ಹೋಗಲು ನಮಗೆ ಸಮಯವಿರಲಿಲ್ಲ, ಅವನ ಕೋಟೆಯ ಹೊರಗೆ ಕೂರಲು ಬೇಕಾದಷ್ಟಿತ್ತು. ಭಾವ ಟೋಪಿಯನ್ನು ಮುಖಕ್ಕೆ ಮುಚ್ಚಿಕೊಂಡು ಗೊರಕೆ ಹೊಡೆದರು. ನಡುನಡುವೆ ಎದ್ದು, ಹಡಗು ಇದೆಯೇ ಎಂದು ನೋಡಿ, ಮತ್ತೆ ಮಲಗಿದರು. ಅಕ್ಕ ಚೀಲದಿಂದ ಚಕ್ಕುಲಿ ತೆಗೆದಳು. ತ್ರೇವಿ ಕಾರಂಜಿಗೆ ಬೆನ್ನು ತಿರುಗಿಸಿ ನಾಣ್ಯ ಎಸೆದರೆ ಮತ್ತೆ ರೋಮಿಗೆ ಬರುತ್ತಾರಂತೆ. ಅದಕ್ಕೆಂದು ಐವತ್ತು ಸೆಂಟಿನ ಒಂದು ನಾಣ್ಯವನ್ನು ಪರ್ಸಿನ ಬೇರೆ ಜೇಬಿನಲ್ಲಿ ಇಟ್ಟುಕೊಂಡಿದ್ದಳು. ಎದುರಿನ ಅಂಗಡಿಯಲ್ಲಿ ಐಸ್‌ಕ್ರೀಮಿಗೆ ಚಿಲ್ಲರೆ ಸಾಲದೆ ಬಂದಾಗ ಅದನ್ನೇ ತೆಗೆದು ಕೊಟ್ಟಳು.

ಐಸ್‌ಕ್ರೀಮ್ ಮುಗಿಸಿ, ಕೈ ಒರೆಸಿಕೊಳ್ಳುತ್ತ, "ನಾನು ಅಂಬಾರಿಯನ್ನೇ ನೋಡಿಲ್ಲ, ಗೊತ್ತೇನೋ?" ಎಂದಳು.

ನನಗೆ ಅರ್ಥವಾಗಲಿಲ್ಲ.

"ಮೈಸೂರಿಗೆ ಮದುವೆಯಾಗಿ ಬಂದು ಮೂವತ್ತೊಂಬತ್ತು ವರ್ಷವಾಯಿತು. ಪ್ರತಿ ದಸರೆಗೂ ಬೆಳಿಗ್ಗೆಯೇ ಕರೆದುಕೊಂಡು ಹೋಗುತ್ತಾರೆ, ಒಳ್ಳೆಯ ಜಾಗವನ್ನೇ ಹಿಡಿಯುತ್ತಾರೆ. ಕುದುರೆ ಬರುತ್ತದೆ, ಡೊಳ್ಳು ಬರುತ್ತದೆ, ಸ್ತಬ್ಧಚಿತ್ರ ಬರುತ್ತದೆ. ಇನ್ನೇನು ಆನೆ ಬರಬೇಕು, ಆಗ ಇವರು, ಜನ ಒಮ್ಮೆಲೇ ಹೊರಟರೆ ನೂಕುನುಗ್ಗಲು, ಈಗಲೇ ಹೊರಡೋಣ ಎನ್ನುತ್ತಾರೆ. ಮನೆಗೆ ಬಂದು ಟಿವಿಯಲ್ಲಿ ನೋಡುತ್ತೇನೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಟಿವಿಯಲ್ಲೂ ಚೆನ್ನಾಗಿಯೇ ಕಾಣುತ್ತದೆ ಬಿಡು" ಎಂದು ಸೇರಿಸಿದಳು. ಭಾವನ ಟೋಪಿ ಜಾರಿತ್ತು. ಬಿಸಿಲು ಬೀಳದ ಹಾಗೆ ಅದನ್ನು ಸರಿಮಾಡಿದಳು.

ಸಂಜೆ ಊಟದ ಮೇಜಿನಲ್ಲಿ ನಮ್ಮ ಜೊತೆ ಕೂರುತ್ತಿದ್ದ ಧಾರವಾಡದ ದಂಪತಿ ಸಿಕ್ಕರು. ಹಡಗಿನವರ ಟೂರಿನಲ್ಲಿ ಹೋಗಿ ಕೊಲೊಸಿಯಮ್ ನೋಡಿ, ಬಸಿಲಿಕಾದ ಒಳಗೆ ಹೋಗಿ, ತ್ರೇವಿಗೆ ನಾಣ್ಯ ಹಾಕಿ, ಆರು ಗಂಟೆಗೆ ಬಂದಿದ್ದರು. ಅವರ ಬಸ್ಸು ದಾರಿಯಲ್ಲಿ ಅರ್ಧ ಗಂಟೆ ನಿಂತಿತ್ತಂತೆ, ಆಗ ಯಾರೂ ಗಡಿಯಾರ ನೋಡಲಿಲ್ಲವಂತೆ. ಭಾವ ಎಲ್ಲವನ್ನೂ ಕೇಳಿ, "ಎಷ್ಟಾಯಿತು?" ಎಂದರು. ಅವರು ಹೇಳಿದರು. ಭಾವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಅಂದು ರಾತ್ರಿ ಅವರಷ್ಟು ತೃಪ್ತಿಯಿಂದ ಹಣ್ಣಿನ ಸಲಾಡ್ ತಿಂದವರು ಆ ಹಡಗಿನಲ್ಲಿ ಇರಲಿಲ್ಲ.

ಕೋಣೆಗೆ ಬಂದ ಮೇಲೆ ದೀಪ ಆರಿಸಿದೆವು. ಟಿವಿಯ ನಕ್ಷೆಯಲ್ಲಿ ನಮ್ಮ ಹಡಗು ಇರುವೆಯ ಹಾಗೆ ತೆವಳುತ್ತಿತ್ತು. ಮರುದಿನ ಬೆಳಿಗ್ಗೆ ಏಳಕ್ಕೆ ನೇಪಲ್ಸ್. ನನ್ನ ಹೆಂಡತಿ ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದವಳು ಕತ್ತಲಲ್ಲೇ, "ರೀ, ರೋಮಿನಿಂದ ನೇಪಲ್ಸಿಗೆ ವೇಗದ ರೈಲಿನಲ್ಲಿ ಎಷ್ಟು ಹೊತ್ತು ಗೊತ್ತೇ?" ಎಂದಳು.

"ಎಷ್ಟು?"

"ಒಂದು ಗಂಟೆ ಹತ್ತು ನಿಮಿಷ."

ಅಂದರೆ ಹಡಗು ತಪ್ಪಿದ್ದರೆ ರೋಮಿನಲ್ಲೇ ಊಟ ಮಾಡಿ, ದೀಪ ಹಚ್ಚಿದ ಊರನ್ನು ಸುತ್ತಿ, ಅಲ್ಲೇ ಮಲಗಿ, ಬೆಳಿಗ್ಗೆ ಕಾಫಿ ಕುಡಿದು ರೈಲು ಹತ್ತಿದ್ದರೂ ನೇಪಲ್ಸಿನಲ್ಲಿ ಇದೇ ಹಡಗನ್ನು ಹಿಡಿಯಬಹುದಿತ್ತು. ನಾನು ಎದ್ದು ಕುಳಿತೆ. ಪಕ್ಕದ ಕೋಣೆಗೆ ಹೋಗಿ ಹೇಳಿಬರಲೇ ಎಂದೆ. "ಬೇಡ, ಹೇಳಿದರೆ ಅದಕ್ಕೂ ಒಂದು ಕಾಲಂ ಹಾಕುತ್ತಾರೆ" ಎಂದು ಅವಳು ಮಗ್ಗುಲಾದಳು.

ಇಂದು ಬೆಳಿಗ್ಗೆ ಭಾವನಿಂದ ಹೊಸ ಪಟ್ಟಿ ಬಂದಿದೆ. ಮುಂದಿನ ವರ್ಷ ಗ್ರೀಸಿನ ದ್ವೀಪಗಳು. ಸಾಂತೋರಿನಿಯಲ್ಲಿ ಹಡಗು ನೀರಿನ ನಡುವೆಯೇ ನಿಲ್ಲುತ್ತದೆ. ಸಣ್ಣ ದೋಣಿಯಲ್ಲಿ ದಡಕ್ಕೆ ಬಂದು, ಅಲ್ಲಿಂದ ಕಡಿದಾದ ಬಂಡೆಯ ಮೇಲಿನ ಊರಿಗೆ ಕೇಬಲ್ ಕಾರಿನಲ್ಲಿ ಹೋಗಬೇಕು, ಇಲ್ಲವೇ ಸುಮಾರು ಆರು ನೂರು ಮೆಟ್ಟಿಲು ಹತ್ತಬೇಕು. ಇಳಿಯುವಾಗ ಕೇಬಲ್ ಕಾರಿಗೆ ಉದ್ದದ ಸಾಲಿರುತ್ತದೆ. ಭಾವ ಲೆಕ್ಕ ಹಾಕಿದ್ದಾರೆ. ಪಟ್ಟಿಯ ಪ್ರಕಾರ ನಾವು ಮೇಲೆ ಹೋಗುವುದು ಹತ್ತೂವರೆಗೆ, ಇಳಿಯಲು ಸಾಲಿನಲ್ಲಿ ನಿಲ್ಲುವುದು ಹತ್ತು ಐವತ್ತಕ್ಕೆ. ಕೆಳಗೆ, "ಹೇಗಿದೆ?" ಎಂದು ಕೇಳಿದ್ದಾರೆ. ನಾನಿನ್ನೂ ಉತ್ತರ ಬರೆದಿಲ್ಲ.

ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. ಗ್ರೀಸಿನ ಮಾತೇ ಎತ್ತಲಿಲ್ಲ. "ದಸರೆಯ ಪಾಸ್ ಕೊಡುವುದು ಯಾವಾಗ ಶುರುವಾಗುತ್ತದೆ, ವಿಚಾರಿಸುತ್ತೀಯಾ? ಎರಡು ಸಾಕು," ಎಂದು ದನಿ ತಗ್ಗಿಸಿದಳು. "ನನಗೊಂದು, ನಿನ್ನ ಹೆಂಡತಿಗೊಂದು."