ಪ್ರಾಗ್‌ನ ದೆವ್ವ, ಕಾರ್ಕಳದ ಭೂತ

ಆರ್. ಎಂ. ರೊಮೆರೊ ಬರೆದ ‘ದ ಗೋಸ್ಟ್ಸ್ ಆಫ್ ರೋಸ್ ಹಿಲ್’ ಪುಸ್ತಕದಲ್ಲಿ ದೆವ್ವ ಬಿಡಿಸಲು ಯಾರೂ ಮಂತ್ರವಾದಿಯ ಹತ್ತಿರ ಓಡುವುದಿಲ್ಲ. ಹುಡುಗಿಯೊಬ್ಬಳು ಆ ದೆವ್ವದ ಸಮಾಧಿಯನ್ನು ಸರಿ ಮಾಡುತ್ತಾಳೆ, ಅಷ್ಟೆ. 2022ರಲ್ಲಿ ಬಂದ ಈ ಕಾದಂಬರಿ ಹದಿಹರೆಯದವರಿಗಾಗಿ ಬರೆದದ್ದು, ಪೂರ್ತಿ ಪದ್ಯದಲ್ಲೇ ಇದೆ. ಇಲಾನಾ ಯಹೂದಿ ಹುಡುಗಿ, ಅವಳಿಗೆ ಪಿಟೀಲಿನ ಹುಚ್ಚು. ವಲಸೆ ಬಂದ ಅಪ್ಪ ಅಮ್ಮನಿಗೆ ಮಗಳು ಸಂಬಳ ಸರಿಯಾಗಿ ಬರುವ ದಾರಿ ಹಿಡಿದರೆ ಸಾಕು. (ಇಲ್ಲಿಯವರೆಗೂ ಹೊರನಾಡಿನ ನಮ್ಮ ಮನೆಗಳ ಕಥೆಯೇ, ಅಲ್ವಾ?) ಪ್ರಾಗ್‌ನಲ್ಲಿರುವ ಬಂಧುವಿನ ಮನೆಗೆ ಅವಳನ್ನು ಕಳಿಸುತ್ತಾರೆ. ಆ ಮನೆ ಹಿಂದೆ ಎಲ್ಲರೂ ಮರೆತುಬಿಟ್ಟ ಯಹೂದಿ ಸ್ಮಶಾನ. ಅಲ್ಲಿ ಸಿಗುವವನು ಬೆಂಜಮಿನ್, ಸತ್ತು ನೂರು ವರ್ಷ ದಾಟಿದ ಹುಡುಗ.

ನಾನಿರುವುದು ಬರ್ಲಿನ್‌ನಲ್ಲಿ. ಯುರೋಪಿನ ಈ ಭಾಗದಲ್ಲಿ ಯಹೂದಿ ಸ್ಮಶಾನಗಳು ಪಾಳು ಬಿದ್ದದ್ದು ಮನೆಯವರ ಸೋಮಾರಿತನದಿಂದ ಅಲ್ಲ. ಕಳೆ ಕೀಳಬೇಕಿದ್ದ ಮಕ್ಕಳು ಮೊಮ್ಮಕ್ಕಳನ್ನೇ ನಾಜಿಗಳು ಕೊಂದರು. ಪ್ರಾಗ್‌ನ ಹಳೇ ಯಹೂದಿ ಸ್ಮಶಾನದಲ್ಲಿ ನಿಂತರೆ ಹೆಸರಿನ ಬೆಲೆ ಏನು ಅಂತ ಗೊತ್ತಾಗುತ್ತದೆ. 1439ರ ಕಲ್ಲು ಅಲ್ಲಿದೆ. 1787ರವರೆಗೂ ಅಲ್ಲೇ ಹೂಳುತ್ತಿದ್ದರು. ಬೇರೆ ಜಾಗ ಸಿಗದೆ ಹಳೇ ಸಮಾಧಿಯ ಮೇಲೆ ಮಣ್ಣು ಸುರಿದು ಇನ್ನೊಂದು ಪದರ ಮಾಡಿದರು. ಆದರೆ ಕೆಳಗಿದ್ದವರ ಕಲ್ಲನ್ನು ಮೇಲಕ್ಕೆ ಎತ್ತಿ ನೆಟ್ಟರು. ಹಾಗಾಗಿ ಸುಮಾರು 12,000 ಕಲ್ಲು ಒಂದಕ್ಕೊಂದು ಒರಗಿಕೊಂಡು, ಓರೆಯಾಗಿ ನಿಂತಿವೆ. ಬಂದವರು ಹೂ ಇಡುವುದಿಲ್ಲ, ಬೆಣಚುಕಲ್ಲು ಇಡುತ್ತಾರೆ.

ಬರ್ಲಿನ್‌ನ ಫುಟ್‌ಪಾತ್‌ಗಳಲ್ಲೂ ನಾಜಿಗಳಿಗೆ ಬಲಿಯಾದವರ ನೆನಪಿಗೆ ಅಂಗೈಯಗಲದ ಹಿತ್ತಾಳೆ ಕಲ್ಲುಗಳಿವೆ. ಇಂಥವರು ಇಲ್ಲಿದ್ದರು, ಇಂಥ ವರ್ಷ ಇಂಥ ಕಡೆ ಕೊಂದರು ಅಂತ ನಾಲ್ಕೈದು ಸಾಲು. ನವೆಂಬರ್ 9ರಂದು (1938ರಲ್ಲಿ ನಾಜಿಗಳು ಯಹೂದಿಗಳ ಮೇಲೆ ದಾಳಿ ಮಾಡಿದ ದಿನ ಅದು) ಜನ ಮೊಣಕಾಲೂರಿ, ಪಾಲಿಶ್ ಹಚ್ಚಿ, ಕಪ್ಪಾದ ಅಕ್ಷರ ಕಾಣುವವರೆಗೂ ಉಜ್ಜುತ್ತಾರೆ. ಮಕ್ಕಳೂ ಕೂತು ಉಜ್ಜುತ್ತಾರೆ. ಇಲಾನಾ ಮಾಡುವುದೂ ಇದೇ ಕೆಲಸ. ಪುಸ್ತಕದ ಪ್ರೀತಿ ಪ್ರೇಮ, ನೆರಳಿಲ್ಲದ ಮಾಯಗಾರ, ಅವನೊಡ್ಡುವ ಆಮಿಷ ಎಲ್ಲ ಇರಲಿ. ನನಗೆ ಮುಖ್ಯ ಅನಿಸಿದ್ದು ಈ ಕೈಕೆಲಸ.

ನಮ್ಮಲ್ಲಿ? ಸತ್ತವರ ಕೆಲಸ ಪುರೋಹಿತರ ಕೈಯಲ್ಲಿ, ತರ್ಪಣ ಗಂಡುಮಕ್ಕಳ ಕೈಯಲ್ಲಿ. ಹೆಣ್ಣುಮಕ್ಕಳ ಪಾಲಿಗೆ ವಡೆ ಪಾಯಸದ ಅಡುಗೆ. ಯಹೂದಿಗಳಲ್ಲೂ ಸಂಪ್ರದಾಯಸ್ಥರ ಮನೆಗಳಲ್ಲಿ ಸತ್ತವರಿಗಾಗಿ ಕದ್ದಿಶ್ ಪ್ರಾರ್ಥನೆ ಹೇಳುವುದು ಹೆಚ್ಚಾಗಿ ಗಂಡುಮಕ್ಕಳೇ, ನಿಜ. ಆದರೆ ಕಲ್ಲು ತೊಳೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಪದ್ಯದಲ್ಲಿ ಸತ್ತವರ ಕಥೆ ಹೇಳುವುದು ನಮಗೇನೂ ಹೊಸದಲ್ಲ. ತುಳುನಾಡಿನ ಪಾಡ್ದನಗಳು ಅದೇ ತಾನೆ? ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದ ಕಲ್ಕುಡನ ಒಂದು ಕೈ, ಒಂದು ಕಾಲನ್ನು ಅರಸ ಕಡಿಸಿಬಿಟ್ಟ, ಇನ್ನೆಲ್ಲೂ ಅಂಥದ್ದು ಕೆತ್ತಬಾರದು ಅಂತ. ಉಳಿದ ಒಂದೇ ಕೈಯಲ್ಲಿ ಅವನು ವೇಣೂರಿನ ಗೊಮ್ಮಟನನ್ನು ಕಡೆದ ಅನ್ನುತ್ತದೆ ಪಾಡ್ದನ. (ಕಾರ್ಕಳದ್ದು 1432, ವೇಣೂರಿನದು 1604. ಪಾಡ್ದನಕ್ಕೆ ಇಸವಿಯ ಹಂಗಿಲ್ಲ.) ಆಮೇಲೆ ಅಣ್ಣ, ತಂಗಿ ಕಲ್ಲುರ್ಟಿ ಇಬ್ಬರೂ ಭೂತಗಳಾಗಿ ಅರಸನ ಬೆನ್ನು ಬಿದ್ದರು. ನೇಜಿ ನೆಡುವ ಹೆಂಗಸರು ಇಂಥ ಪಾಡ್ದನಗಳನ್ನು ಕೆಸರಲ್ಲಿ ನಿಂತು ಹಾಡುತ್ತಿದ್ದರು. ಯಾರ ಅಪ್ಪಣೆಯನ್ನೂ ಕೇಳದೆ.

ಬೆಂಜಮಿನ್ ಮೆದು ಹುಡುಗ. ಕಲ್ಲುರ್ಟಿ ಹಾಗಲ್ಲ, ಲೆಕ್ಕ ಕೇಳುತ್ತಾಳೆ. ಹೊರನಾಡಿನ ನಮ್ಮ ಮಕ್ಕಳಿಗೆ ರಾಜ್ಯೋತ್ಸವದ ಡ್ಯಾನ್ಸು, ಚಿತ್ರಾನ್ನ ಸಿಗುತ್ತವೆ. ಕಲ್ಲುರ್ಟಿ ಸಿಗುವುದಿಲ್ಲ. ಅವಳ ಕಥೆಯನ್ನು ಯಾರಾದರೂ ಹದಿನೈದರ ಹುಡುಗಿಯರಿಗಾಗಿ ಪದ್ಯದಲ್ಲೇ ಬರೆಯಬೇಕು. ಸುಮ್ನೆ ಗದ್ಯವನ್ನು ತುಂಡು ಮಾಡಿ ಸಾಲಾಗಿ ಇಟ್ಟರೆ ಆಗದು, ಈ ಬಗೆಯ ಪುಸ್ತಕಗಳಲ್ಲಿ ಆ ಚಟ ಜಾಸ್ತಿ. ಅವಳ ಸಿಟ್ಟನ್ನೂ ತೆಳು ಮಾಡಬಾರದು. ಇಂಗ್ಲಿಷಲ್ಲಿ ಬರೆದರೂ ನನ್ನ ತಕರಾರಿಲ್ಲ. ನನ್ನ ಮಗಳು ಕನ್ನಡ ಓದುವುದು ಹೇಗೂ ತಡವರಿಸಿಕೊಂಡೇ.