ಮೆತ್ತಗಿದ್ದದ್ದೆಲ್ಲ ಇಳಿಯೂದಿಲ್ಲ

ಗಂಗಾವತಿಯಲ್ಲಿ ಕೂತು ಅನ್ನ ಉಂಡು ಒದ್ದಾಡಿದೆ ಅಂದರೆ ಯಾರೂ ನಂಬುವುದಿಲ್ಲ. ಸೋನಾ ಮಸೂರಿಯ ಊರಿದು. ನಾನು ಲೆಕ್ಕ ಬರೆಯುವುದೂ ಅಕ್ಕಿ ಗಿರಣಿಯಲ್ಲೇ. ದಿನಾ ಲಾರಿಗಟ್ಟಲೆ ಅಕ್ಕಿ ನೋಡುವವನಿಗೆ ಕಳೆದ ಜನವರಿಯಲ್ಲಿ ನಾಲ್ಕೇ ನಾಲ್ಕು ಚಮಚೆ ಅನ್ನ ನರಕ ತೋರಿಸಿಬಿಟ್ಟಿತು.

ತೂಕ ಇಳಿಸುವ ಆಪರೇಷನ್ ಆಗಿ ಅದು ಐದನೇ ವಾರ. ಸ್ಲೀವ್ ಅಂತಾರೆ ಅದಕ್ಕೆ. ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನಂಥ ಒಂದು ಸಣ್ಣ ಕೊಳವೆ ಮಾಡಿ ಸ್ಟೇಪಲ್ ಹೊಡೆಯುತ್ತಾರೆ. 138 ಕೆಜಿ ಇದ್ದೆ, ಶುಗರ್ ಇತ್ತು, ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟಿ ದಿಗ್ಗನೆ ಎದ್ದು ಕೂರುತ್ತಿದ್ದೆ. ಯಾಕೆ ಮಾಡಿಸಿದಿ, ದಿನಾ ನಾಲ್ಕು ಕಿಲೋಮೀಟರ್ ನಡೆದಿದ್ದರೆ ಆಗ್ತಿರಲಿಲ್ಲವಾ ಅಂತ ಕೇಳುವವರಿಗೆ ಉತ್ತರ ಕೊಟ್ಟು ಕೊಟ್ಟು ಬಾಯಿ ಸೋತಿದೆ. ಆ ವಿಷಯ ಇಲ್ಲಿ ಬೇಡ.

ನಾನು ಹೇಳಬೇಕೆಂದಿರುವುದು ಮೆತ್ತನೆಯ ಊಟದ ಬಗ್ಗೆ. ಮೊದಲ ಎರಡು ವಾರ ಬರೀ ಕುಡಿಯುವಂಥದ್ದು: ತಿಳಿಮಜ್ಜಿಗೆ, ಬೇಳೆಕಟ್ಟು, ಎಳನೀರು, ಪ್ರೋಟೀನ್ ಪುಡಿ ಕಲಸಿದ ಹಾಲು. ಮುಂದಿನ ಎರಡು ವಾರ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿದ್ದು. ಆಮೇಲೆ ಮೆತ್ತನೆಯದು, ಎರಡು ತಿಂಗಳು ತುಂಬುವ ಹೊತ್ತಿಗೆ ನಿಧಾನಕ್ಕೆ ಮಾಮೂಲಿ ಊಟ. ಈ ವಾರಗಳ ಲೆಕ್ಕ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಥರ, ನಿಮ್ಮ ಡಾಕ್ಟರು ಹೇಳಿದ್ದೇ ನಿಮಗೆ ಖರೆ. ಮೊದಲ ನಾಲ್ಕು ವಾರ ನನಗೆ ಅಂಥಾ ಕಷ್ಟವಾಗಲೇ ಇಲ್ಲ. ಹಸಿವೆ ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಹುಟ್ಟುವ ಭಾಗವೇ ಕತ್ತರಿಸಿ ಹೋಗಿರುತ್ತದೆ. ಹೊಟ್ಟೆ ಕೇಳುವುದೇ ಇಲ್ಲ. ಕೇಳುವುದು ನಾಲಿಗೆ, ಮತ್ತೆ ಮನೆಮಂದಿ.

ಅವ್ವ ಐದನೇ ವಾರಕ್ಕಾಗಿ ದಿನ ಎಣಿಸುತ್ತಿದ್ದಳು. ಬಿಸಿ ಅನ್ನವನ್ನು ಅಂಗೈಯಲ್ಲೇ ಹಿಸುಕಿ, ತುಪ್ಪ ಬಿಟ್ಟು, ಬ್ಯಾಳಿ ಸಾರು ಹಾಕಿ ಕಲಸಿ ಬಟ್ಟಲು ಮುಂದಿಟ್ಟಳು. ಪಕ್ಕದಲ್ಲಿ ಎಂದಿನಂತೆ ತಂಬಿಗೆ ನೀರು.

"ಮೆತ್ತಂದು ಕೊಡ್ರಿ ಅಂದಾರಲ್ಲೋ ಯಪ್ಪಾ, ಇದರಕಿಂತ ಮೆತ್ತಂದು ಏನೈತಿ?"

ನಿಜವೇ. ಹಲ್ಲಿಲ್ಲದ ಮುದುಕರಿಗೂ, ಹಲ್ಲು ಬರದ ಕೂಸಿಗೂ ನಾವು ಕೊಡುವುದು ಇದನ್ನೇ. ಒಂದು ತಿಂಗಳ ನಂತರ ಅನ್ನದ ವಾಸನೆ. ನಾಲ್ಕು ಚಮಚೆ ಎರಡು ನಿಮಿಷದಲ್ಲಿ ಮುಗಿಸಿ, ರೂಢಿಯ ಮೇಲೆ ಎರಡು ಗುಟುಕು ನೀರನ್ನೂ ಕುಡಿದುಬಿಟ್ಟೆ. ಐದು ನಿಮಿಷ ಕಳೆದಿರಲಿಲ್ಲ, ಎದೆಯ ನಟ್ಟನಡುವೆ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗಾಯಿತು. ಬಾಯಿತುಂಬ ಜೊಲ್ಲು, ಜೊಲ್ಲಲ್ಲ, ಸೋಪಿನ ನೊರೆಯಂಥದ್ದು. ಅದು ಒಳಗೂ ಹೋಗದು, ಅನ್ನ ಹೊರಗೂ ಬಾರದು. ಬಚ್ಚಲ ಗೋಡೆ ಹಿಡಿದು ಮುಕ್ಕಾಲು ತಾಸು ನಿಂತಿದ್ದೆ. ಹೊರಗೆ ಅವ್ವ ಅಳುತ್ತಿದ್ದಳು, ತನ್ನ ಕೈಯಡುಗೆಯೇ ಮಗನನ್ನು ಕೊಂದಿತೆಂದು.

ಮರುದಿನ ಫೋನಿನಲ್ಲಿ ಡಯೆಟಿಷಿಯನ್ ಬಿಡಿಸಿ ಹೇಳಿದರು. ಈಗ ನನ್ನ ಜಠರದಲ್ಲಿ ಹಿಡಿಯುವುದೇ ನೂರು, ನೂರೈವತ್ತು ಮಿಲಿಲೀಟರ್. ಮೊದಲಿನ ಹಾಗೆ ಹಿಗ್ಗುವ ಭಾಗ ಉಳಿದಿಲ್ಲ, ಹೊಲಿಗೆಯ ಬಾವೂ ಪೂರ್ತಿ ಇಳಿದಿಲ್ಲ. ಹಿಸುಕಿದ ಅನ್ನ ಅಂಟು, ಒಂದಕ್ಕೊಂದು ಕಚ್ಚಿಕೊಂಡು ಗೋಲಿಯಾಗಿ ಆ ಕೊಳವೆಯಲ್ಲಿ ಕೂರುತ್ತದೆ. ಎರಡು ದಿನ ವಾಪಸ್ ಬೇಳೆಕಟ್ಟಿಗೆ ಹೋಗಿ ಅಂದರು. ಜೊತೆಗೆ ಎಚ್ಚರಿಕೆಯನ್ನೂ ಕೊಟ್ಟರು: ಜ್ವರ, ಎದೆಬಡಿತ ಜೋರಾಗುವುದು, ಹೊಟ್ಟೆಯಲ್ಲೋ ಎಡ ಭುಜದಲ್ಲೋ ಬಿಡದ ನೋವು ಇದ್ದರೆ ಮನೆಯಲ್ಲಿ ಕೂರಬೇಡಿ, ತಕ್ಷಣ ಬನ್ನಿ. ವಾಂತಿ ದಿನಗಟ್ಟಲೆ ನಿಲ್ಲದಿದ್ದರೂ ಅಷ್ಟೇ, ಬಿ1 ವಿಟಮಿನ್ ಖಾಲಿಯಾಗಿ ನರಗಳಿಗೇ ಪೆಟ್ಟು ಬೀಳುತ್ತದೆ.

ಇದನ್ನೆಲ್ಲ ಮೊದಲೇ ಹೇಳಬಹುದಿತ್ತಲ್ಲ ಅಂತ ಸಿಟ್ಟು ಬಂತು. ಹೇಳಿದ್ದರು, ಹಾಳೆಯಲ್ಲಿ. ಇಂಗ್ಲಿಷಿನ ಎರಡು ಪುಟ. ಬ್ರೊಕೋಲಿ ಸೂಪು, ತೋಫು, ಓಟ್ಸು, ಕಿವಿ ಹಣ್ಣು. ನಮ್ಮ ಸಂತೆಯಲ್ಲಿ ಹೀರೇಕಾಯಿ, ಸೋರೇಕಾಯಿ, ಕುಂಬಳ ರಾಶಿ ಬಿದ್ದಿರುತ್ತವೆ, ಹಾಳೆಯಲ್ಲಿ ಅವುಗಳ ಸುಳಿವಿಲ್ಲ. ರೊಟ್ಟಿ ಯಾವಾಗ? ಇಲ್ಲ. ಪುಂಡಿಪಲ್ಯ? ಇಲ್ಲ. ವಗ್ಗರಣಿ ಮಿರ್ಚಿ ತಿನ್ನಬೇಡ ಅಂತಲೂ ಇಲ್ಲ. ಕಾಟೇಜ್ ಚೀಸ್ ಅಂದರೆ ನಮ್ಮ ಪನ್ನೀರಿನಂಥದ್ದೇ ಅಂತ ತಿಳಿಯಲು ನನಗೆ ವಾರ ಹಿಡಿಯಿತು. ಲಕ್ಷಗಟ್ಟಲೆ ಬಿಲ್ ಮಾಡುವವರು ನಮ್ಮ ಕಡೆಯ ಅಡುಗೆಮನೆ ನೋಡಿ ಕನ್ನಡದಲ್ಲೊಂದು ಹಾಳೆ ಬರೆಸಲಿ. ಅದನ್ನು ಓದುವುದು ಪೇಷಂಟ್ ಅಲ್ಲ, ಅವನಿಗೆ ಬೇಯಿಸಿ ಹಾಕುವ ಅವ್ವ.

ನಮ್ಮ ಮನೆಯ ಹಾಳೆಯನ್ನು ಆಮೇಲೆ ನಾವೇ ಬರೆದುಕೊಂಡೆವು. ಮೊದಲ ತುತ್ತು ಪ್ರೋಟೀನಿನದು, ಆಮೇಲೆ ಕಾಯಿಪಲ್ಯೆ, ಜಾಗ ಉಳಿದರೆ ಅನ್ನ. ಜಾಗ ಉಳಿಯುವುದೇ ಇಲ್ಲ ಅನ್ನುವುದು ಬೇರೆ ಮಾತು. ದಿನಕ್ಕೆ ಕಡಿಮೆಯೆಂದರೂ 60 ಗ್ರಾಂ ಪ್ರೋಟೀನ್ ಬೇಕು, ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ನಮ್ಮದೋ ಮೊಟ್ಟೆ ಹೊಸ್ತಿಲು ದಾಟದ ಮನೆ. ಹಾಗಾಗಿ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರು, ಎಮ್ಮೆ ಹಾಲು ಒಡೆಸಿ ಪುಡಿಪುಡಿ ಮಾಡಿದ ಪನ್ನೀರು, ಕರಗುವಷ್ಟು ಬೆಂದ ಹೆಸರುಬ್ಯಾಳಿ. ಕೊರತೆ ಬಿದ್ದದ್ದಕ್ಕೆ ಡಬ್ಬಿಯ ಪುಡಿ. ಖಾರ ಬಿಟ್ಟದ್ದೇ ದೊಡ್ಡ ವೈರಾಗ್ಯ.

ಅದೇ ಹೊತ್ತಿಗೆ ಬಾಣಂತನಕ್ಕೆಂದು ಬಂದು ಉಳಿದಿದ್ದ ತಂಗಿಯ ಕೂಸಿಗೂ ಉಣಿಸಲು ಶುರುಮಾಡಿದ್ದರು. ಒಂದೇ ಕುಕ್ಕರಿನ ಹೆಸರುಬ್ಯಾಳಿ, ಅದಕ್ಕೊಂದು ಬಟ್ಟಲು, ನನಗೊಂದು. ಕೂಸು ಸಾಕಾದರೆ ಮುಖ ಆ ಕಡೆ ತಿರುಗಿಸುತ್ತದೆ, ಎಲ್ಲರೂ ನಗುತ್ತಾರೆ. ನಾನು ತಿರುಗಿಸಿದರೆ ಮನೆಯೆಲ್ಲ ಮುನಿಸು. ನನಗೆ ಸಾಕಾದದ್ದು ಗೊತ್ತಾಗುವುದು ಮೂಗಿನಿಂದ: ಮೂಗು ಸೋರುತ್ತದೆ, ಇಲ್ಲವೇ ಒಂದು ಬಿಕ್ಕಳಿಕೆ. ಆಮೇಲೆ ಅರ್ಧ ಚಮಚೆ ತಿಂದರೂ ಬಚ್ಚಲ ಗೋಡೆಯೇ ಗತಿ. ಕೊಪ್ಪಳದ ಗವಿಮಠದ ಜಾತ್ರೆ ಮುಗಿಸಿ ಬಂದ ಸೋದರತ್ತೆ ಮಾದಲಿ ಕಟ್ಟಿಕೊಂಡು ಬಂದಿದ್ದಳು. "ಅಜ್ಜಾರ ಪ್ರಸಾದೋ, ಪ್ರಸಾದ ತಿಂದ್ರ ಯಾರಿಗ್ಯಾರ ಏನಾರ ಆಗೇತೇನು?" ಬೆಲ್ಲ ಸಕ್ಕರೆ ಒಮ್ಮೆಲೇ ಕರುಳಿಗಿಳಿದರೆ ಬೆವರು, ತಲೆಸುತ್ತು, ಭೇದಿ ಅಂತ ಅತ್ತೆಗೆ ಹೇಗೆ ಹೇಳುವುದು? ಕಣ್ಣಿಗೊತ್ತಿಕೊಂಡು ಒಂದು ಚಿಟಿಕೆ ನಾಲಿಗೆಗೆ ಮುಟ್ಟಿಸಿದೆ. ಅತ್ತೆ ಊರಿಗೆ ಹೋಗುವವರೆಗೂ ಮುಖ ಕೊಟ್ಟು ಮಾತಾಡಲಿಲ್ಲ.

ನೀರಿನ ಕಥೆ ಇನ್ನೊಂದು. ಉಣ್ಣುವಾಗ ಕುಡಿಯುವ ಹಾಗಿಲ್ಲ, ಉಂಡ ಮೇಲೂ ಅರ್ಧ ತಾಸು ಕಾಯಬೇಕು. ಗಟಗಟ ಕುಡಿಯುವುದಂತೂ ಮುಗಿದ ಅಧ್ಯಾಯ. ಆದರೆ ದಿನಕ್ಕೆ ಒಂದೂವರೆ ಲೀಟರ್ ಆದರೂ ಒಳಗೆ ಹೋಗಲೇಬೇಕು. ಈ ಆಪರೇಷನ್ ಆದವರು ತಿರುಗಿ ಆಸ್ಪತ್ರೆ ಸೇರುವ ಕಾರಣಗಳಲ್ಲಿ ಮೈಯಲ್ಲಿ ನೀರು ಬತ್ತುವುದೂ ದೊಡ್ಡದಂತೆ. ಮಾರ್ಚ್ ಬಂತೆಂದರೆ ಈ ಊರಿನ ಬಿಸಿಲು ಗೊತ್ತಲ್ಲ. ಗಿರಣಿಯ ಮೇಜಿನ ಮೇಲೆ ಬಾಟಲಿಗೆ ಗೆರೆ ಹಾಕಿಟ್ಟು, ಒಂದೊಂದು ಬಿಲ್ಲಿಗೆ ಒಂದೊಂದು ಗುಟುಕು ಅಂತ ಲೆಕ್ಕ ಇಟ್ಟೆ. ಹಮಾಲರು ನನ್ನನ್ನು ನೋಡಿ ಗುಬ್ಬಿ ಅಂತ ಹೆಸರಿಟ್ಟರು. 138 ಕೆಜಿಯ ಮನುಷ್ಯನಿಗೆ ಗುಬ್ಬಿ ಅನ್ನಿಸಿಕೊಳ್ಳುವ ಯೋಗ.

ಇನ್ನು ರೊಟ್ಟಿ. ಇದೊಂದನ್ನು ಹೇಳದೆ ಬಿಡಲಾರೆ. ಒಂಬತ್ತನೇ ವಾರ ಅವ್ವ ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿ ಮುರಿದು ಕೊಡಲು ಬಂದಳು. ಡಯೆಟಿಷಿಯನ್ ಹೇಳಿದ್ದು ನೆನಪಿತ್ತು: ಬ್ರೆಡ್ ಸಿಕ್ಕಿಕೊಳ್ಳುತ್ತದೆ, ಅದನ್ನೇ ಗರಿಗರಿ ಟೋಸ್ಟ್ ಮಾಡಿ ಜಗಿದರೆ ಇಳಿಯುತ್ತದೆ. ಹಾಗಾದರೆ ನಮ್ಮ ಟೋಸ್ಟ್ ಯಾವುದು? "ಬಿಸೇದು ಬ್ಯಾಡವ್ವಾ, ಬುಟ್ಟ್ಯಾಗಿನ ಖಡಕ್ ರೊಟ್ಟಿ ಕೊಡು" ಅಂದೆ. ಮಗನಿಗೆ ತಲೆ ಕೆಟ್ಟಿತೆಂದೇ ತಿಳಿದಳು. ಒಂದು ರೂಪಾಯಿ ನಾಣ್ಯದಷ್ಟು ಚೂರು ಮುರಿದು ಬಾಯಿಗಿಟ್ಟೆ. ಅದು ಕರುಮ್ ಅಂದಿತು. ಎರಡು ತಿಂಗಳ ಮೇಲೆ ಹಲ್ಲಿಗೊಂದು ಕೆಲಸ. ಅವ್ವ ಎದುರಿಗೆ ಕೂತು ಬೆರಳು ಮಡಚಿ ಎಣಿಸಿದಳು, ಇಪ್ಪತ್ತೈದು, ಮೂವತ್ತು. ಹಿಟ್ಟಾಗಿ, ನೀರಾಗಿ, ಇಳಿಯಿತು. ಎದೆಯಲ್ಲಿ ಹೆಬ್ಬೆರಳಿಲ್ಲ. ಇನ್ನೊಂದು ಚೂರಿಗೆ ಕೈ ಹಾಕಿದೆ, ಅವ್ವ ಬುಟ್ಟಿ ಸರಿಸಿದಳು.

"ಮೂಗ ಸೋರಾಕತ್ತೇತಿ ನೋಡ್ಕೋ."

ತಂಬಿಗೆಯನ್ನು ಆಗಲೇ ಕಿಟಕಿಯ ಮೇಲೆ ಎತ್ತಿಟ್ಟಿದ್ದಳು. ಗೋಡೆಯ ಗಡಿಯಾರ ನೋಡಿ, ಸರಿಯಾಗಿ ಅರ್ಧ ತಾಸಿಗೆ ತಾನೇ ತಂದು ಮುಂದಿಟ್ಟಳು.