ಅನೊರಾಕ್ ಎಂಬ ಬೈಗುಳ ರೈಲು ನಿಲ್ದಾಣದಲ್ಲಿ ಹುಟ್ಟಿದ್ದಾ?

ಬ್ರಿಟನ್ನಿನಲ್ಲಿ ಒಂದೇ ಹವ್ಯಾಸಕ್ಕೆ ಅಂಟಿಕೊಂಡವರನ್ನು 'ಅನೊರಾಕ್' ಎಂದು ಗೇಲಿ ಮಾಡುತ್ತಾರೆ. ರೈಲು ಇಂಜಿನ್ ನಂಬರ್ ಬರೆದುಕೊಳ್ಳುವ ಟ್ರೇನ್‌ಸ್ಪಾಟರ್‌ಗಳನ್ನು ಅಣಕಿಸಲು ಇಂಗ್ಲಿಷರೇ ಕಟ್ಟಿದ ಪದ ಇದು ಎಂಬ ಮಾತು ಓಡಾಡುತ್ತಿದೆ. ಇದು ಅರ್ಧ ಸತ್ಯ, ಅಷ್ಟೇ.

ಪದ ಇಂಗ್ಲಿಷಿನದೇ ಅಲ್ಲ. ಗ್ರೀನ್‌ಲ್ಯಾಂಡಿನ ಇನುಯಿಟ್ ಜನ ಚಳಿಗಾಳಿ ತಡೆಯಲು ಹಾಕುತ್ತಿದ್ದ, ತಲೆಗೆ ಟೋಪಿ ಸೇರಿಸಿ ಹೊಲಿದ ಅಂಗಿಯ ಹೆಸರದು. ಡ್ಯಾನಿಶ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂತು. ಮೊದಲು ಅದರಲ್ಲಿ ಗೇಲಿ ಏನೂ ಇರಲಿಲ್ಲ.

ಇನ್ನು ಟ್ರೇನ್‌ಸ್ಪಾಟಿಂಗ್. ರೈಲ್ವೆ ನೌಕರನಾಗಿದ್ದ ಇಯಾನ್ ಅಲನ್ ಇಂಜಿನ್ ನಂಬರ್‌ಗಳ ಪುಟ್ಟ ಪುಸ್ತಕ ತಂದಿದ್ದು 1942ರಲ್ಲಿ. ಆಮೇಲೆ ಹುಡುಗರಿಗೆ ಆ ಹುಚ್ಚು ಜೋರಾಗಿಯೇ ಹತ್ತಿತು. ಆದರೆ 'ಅನೊರಾಕ್' ಗೇಲಿ ಮಾತಾಗಿ ಪತ್ರಿಕೆಗಳಲ್ಲಿ ಕಾಣಿಸಿದ್ದು 1980ರ ದಶಕದಲ್ಲಿ. ನಡುವೆ ಎಷ್ಟು ವರ್ಷ ನೋಡಿ!

ಈ ಕಥೆಯಲ್ಲಿ ಎಲ್ಲರೂ ಬಿಟ್ಟುಬಿಡುವವರು ರೇಡಿಯೊ ಅಭಿಮಾನಿಗಳು. 1964ರಿಂದ ರೇಡಿಯೊ ಕ್ಯಾರೊಲೈನ್‌ನಂಥ ಕೇಂದ್ರಗಳು ಲೈಸೆನ್ಸ್ ಇಲ್ಲದೆ, ಕರಾವಳಿಯಾಚೆ ನಿಂತ ಹಡಗಿನಿಂದ ಪಾಪ್ ಹಾಡು ಹಾಕುತ್ತಿದ್ದವು. ಆ ಹಡಗು ನೋಡಲೆಂದೇ ಅಭಿಮಾನಿಗಳು ದೋಣಿ ಹತ್ತಿ ಹೋಗುತ್ತಿದ್ದರು. ಸಮುದ್ರದ ಗಾಳಿ ಅಲ್ವಾ, ಮೈಮೇಲೆ ಅನೊರಾಕ್ ಇರಲೇಬೇಕು. 1970ರ ದಶಕದಲ್ಲೇ ಹಡಗಿನ ಡಿಜೆಗಳು ಅವರನ್ನು 'ಅನೊರಾಕ್‌ಗಳು' ಎಂದು ಕರೆಯುತ್ತಿದ್ದರು. ಅದರಲ್ಲಿ ತಮಾಷೆಯಷ್ಟೇ ಪ್ರೀತಿಯೂ ಇತ್ತು.

ಪ್ಲಾಟ್‌ಫಾರ್ಮ್ ತುದಿಯಲ್ಲಿ ಮಳೆಗೆ ನಿಲ್ಲುವವರಿಗೂ ಅದೇ ಅಂಗಿ ಬೇಕಿತ್ತು. ಹಾಗಾಗಿ ಹೆಸರು ಅವರಿಗೂ ಸಲೀಸಾಗಿ ಅಂಟಿತು. ಈಗಂತೂ ಚುನಾವಣೆ ಅಂಕಿಅಂಶ ಬಾಯಿಪಾಠ ಮಾಡಿದವರೂ ಅಲ್ಲಿ 'ಪೊಲಿಟಿಕಲ್ ಅನೊರಾಕ್'. ಕೆಲವರು ತಮ್ಮನ್ನು ತಾವೇ ಹಾಗೆ ಕರೆದುಕೊಳ್ಳುತ್ತಾರೆ.